ಒಂದು ಸಲಕ್ಕೆ ಒಂದೇ ಪಾಪ: ಅಂತರಂಗ ಶುದ್ಧಿಯ ದಿನನಿತ್ಯದ ಕ್ರಮ

"ಇನ್ನು ಮೇಲೆ ಪರಿಶುದ್ಧನಾಗಿ ಬಾಳುತ್ತೇನೆ" ಎಂಬ ತೀರ್ಮಾನ ಸಾಮಾನ್ಯವಾಗಿ ವಾರವೂ ನಿಲ್ಲುವುದಿಲ್ಲ. ಮನಸ್ಸಿನಲ್ಲಿ ಕಪಟವಿದೆ ಅಂತಲ್ಲ, ಆ ತೀರ್ಮಾನದಲ್ಲಿ ಇಂಥದ್ದನ್ನೇ ಮಾಡಬೇಕು ಎಂಬುದು ಏನೂ ಇರುವುದಿಲ್ಲ. ಕೋಪ, ಅಸೂಯೆ, ಸುಳ್ಳು, ಕಾಮ ಎಲ್ಲವನ್ನೂ ಒಟ್ಟಿಗೆ ಬಿಡಲು ಹೊರಟವರು ಕೊನೆಗೆ ಯಾವುದನ್ನೂ ಬಿಟ್ಟಿರುವುದಿಲ್ಲ. ಒಂದನ್ನು ಆರಿಸಿಕೊಳ್ಳಿ. ಯಾವುದನ್ನು ಎಂದು ತಿಳಿಯದಿದ್ದರೆ ಮನೆಯವರು ಪದೇ ಪದೇ ದೂರುವುದು ಯಾವುದು ಎಂದು ನೋಡಿ. ನಾವೇ ಆರಿಸಿಕೊಳ್ಳಲು ಹೋದರೆ "ಪ್ರಾರ್ಥನೆ ಸಾಲದು" ಎಂಬಂಥ, ಹೇಳಿಕೊಳ್ಳಲು ಮರ್ಯಾದೆಯಾಗಿರುವ ಕೊರತೆಯನ್ನೇ ಆರಿಸುತ್ತೇವೆ.

ರಾತ್ರಿಯ ಕಾಲು ಗಂಟೆ

ಊಟವಾದ ಮೇಲೆ, ನಿದ್ದೆ ಹತ್ತುವ ಮೊದಲು, 15 ನಿಮಿಷ ಕುಳಿತುಕೊಳ್ಳಿ. ಮಲಗಿಕೊಂಡು ಮಾಡಬೇಡಿ, ಅರ್ಧದಲ್ಲೇ ನಿದ್ದೆ ಬರುತ್ತದೆ. ಯೇಸುಸಭೆ ಎಂಬ ಕಥೋಲಿಕ ಧಾರ್ಮಿಕ ಸಂಘದ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಕಲಿಸಿದ ಕ್ರಮ ಇಂದಿಗೂ ಚೆನ್ನಾಗಿ ನಡೆಯುತ್ತದೆ: ದಿನಕ್ಕಾಗಿ ಕೃತಜ್ಞತೆ, ಪಾಪವನ್ನು ಕಾಣುವ ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮಾಯಾಚನೆ, ನಾಳೆಯ ಸಂಕಲ್ಪ. ಕೃತಜ್ಞತೆ ಮೊದಲು ಬರುವುದಕ್ಕೆ ಕಾರಣವಿದೆ. ತಪ್ಪಿನಿಂದಲೇ ಶುರು ಮಾಡಿದರೆ ಹತ್ತೇ ನಿಮಿಷದಲ್ಲಿ ಮನಸ್ಸು ತನ್ನನ್ನು ತಾನೇ ಬೈದುಕೊಳ್ಳಲು ತೊಡಗುತ್ತದೆ, ದೇವರ ಕಡೆ ತಿರುಗುವುದನ್ನೇ ಮರೆಯುತ್ತದೆ. ಎರಡನೆಯ ಹಂತಕ್ಕೆ ಬೈಬಲಿನ ಕೀರ್ತನೆ 139ರ 23 ಮತ್ತು 24ನೇ ವಚನಗಳನ್ನು ನಿಧಾನವಾಗಿ ಓದಿದರೂ ಸಾಕು. ಅಲ್ಲಿ ನಮ್ಮನ್ನು ಪರೀಕ್ಷಿಸುವವನು ದೇವರು, ನಾವಲ್ಲ.

ಆರಿಸಿಕೊಂಡ ಒಂದು ಪಾಪಕ್ಕೆ ಇಗ್ನೇಷಿಯಸ್ ಬೇರೆಯೇ ಒಂದು ಅಭ್ಯಾಸ ಹೇಳಿದ್ದಾರೆ. ಬೆಳಿಗ್ಗೆ ಏಳುತ್ತಲೇ ಅದರ ಬಗ್ಗೆ ಎಚ್ಚರದ ಸಂಕಲ್ಪ. ಮಧ್ಯಾಹ್ನ ಊಟದ ನಂತರ ಒಂದು ಲೆಕ್ಕ, ರಾತ್ರಿ ಊಟದ ನಂತರ ಇನ್ನೊಂದು ಲೆಕ್ಕ. ಎಷ್ಟು ಸಲ ಆ ಪಾಪಕ್ಕೆ ಬಿದ್ದಿರೋ ಪುಸ್ತಕದಲ್ಲಿ ಅಷ್ಟು ಚುಕ್ಕೆ. ಬಿದ್ದ ಆ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ದುಃಖಿಸಬೇಕು. ಜನರ ನಡುವೆ ಇದ್ದರೂ ಯಾರಿಗೂ ಅದು ಗೊತ್ತಾಗುವುದಿಲ್ಲ. ಇಂದಿನ ಚುಕ್ಕೆಗಳನ್ನು ನಿನ್ನೆಯವುಗಳ ಜೊತೆ, ಈ ವಾರವನ್ನು ಹೋದ ವಾರದ ಜೊತೆ ಹೋಲಿಸಿ. ಮೊದಲ ದಿನಗಳಲ್ಲಿ ಚುಕ್ಕೆ ಹೆಚ್ಚಾದರೆ ಗಾಬರಿ ಬೇಡ. ಪಾಪ ಹೆಚ್ಚಿರಲಿಕ್ಕಿಲ್ಲ, ಕಣ್ಣು ತೆರೆದಿರಬಹುದು.

ಹೆಸರಿಟ್ಟು ಹೇಳುವುದು

"ನನಗೆ ಸ್ವಲ್ಪ ಸಿಡುಕು ಜಾಸ್ತಿ" ಎಂದರೆ ಅದು ಪಾಪನಿವೇದನೆಯಲ್ಲ, ಸ್ವಭಾವದ ವರ್ಣನೆ. "ಬೆಳಿಗ್ಗೆ ಮಗನ ಕೈಯಿಂದ ಲೋಟ ಬಿದ್ದಾಗ 'ನಿನ್ನಿಂದ ಒಂದು ಕೆಲಸವೂ ಆಗಲ್ಲ' ಅಂದೆ, ಅವನು ಊಟ ಬಿಟ್ಟು ಎದ್ದುಹೋದ" ಎನ್ನುವುದು ನಿವೇದನೆ. ಏನು ಮಾಡಿದೆ, ಯಾರಿಗೆ, ಅವರಿಗೆ ಏನಾಯಿತು: ಮೂರೂ ಇರಲಿ. ಯಾಕೆ ಮಾಡಿದೆ ಎಂಬುದನ್ನು ಕೊನೆಗೆ ಇಡಿ, ಚುಟುಕಾಗಿ. ಕಾರಣ ಉದ್ದವಾದಷ್ಟೂ ಅದು ಸಮರ್ಥನೆಯಾಗುತ್ತದೆ.

ಕೆಟ್ಟ ಯೋಚನೆ ಬಂದದ್ದೇ ಪಾಪವಲ್ಲ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟ: ಯೋಚನೆ ಬಂದು ಕಾಡುವುದು ನಮ್ಮ ಕೈಯಲ್ಲಿಲ್ಲ, ಅದು ಉಳಿಯಬೇಕೋ ಬೇಡವೋ ಎಂಬುದು ನಮ್ಮ ಕೈಯಲ್ಲಿದೆ. ಚುಕ್ಕೆ ಹಾಕುವಾಗ ಈ ಗೆರೆ ನೆನಪಿರಲಿ.

ದೇವರಿಗೆ ಅರಿಕೆ ಮಾಡಿದರೆ ಕ್ಷಮೆ ಉಂಟು ಎಂಬುದು 1 ಯೋಹಾನ 1:9ರ ವಾಗ್ದಾನ. ಯಾಕೋಬ 5:16 ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಎನ್ನುತ್ತದೆ. ಕಥೋಲಿಕರಿಗೆ ಗುರುಗಳ (ಪಾದ್ರಿಗಳ) ಬಳಿ ಪಾಪನಿವೇದನೆ ಸಂಸ್ಕಾರವೇ ಆಗಿದೆ, ಗಂಭೀರ ಪಾಪಗಳಿಗೆ ವರ್ಷಕ್ಕೊಮ್ಮೆಯಾದರೂ ಕಡ್ಡಾಯ. ಪ್ರೊಟೆಸ್ಟೆಂಟರು ಬಾಯಿ ಬಿಗಿಹಿಡಿಯಬಲ್ಲ ಒಬ್ಬ ಹಿರಿಯ ವಿಶ್ವಾಸಿಯನ್ನು ಹುಡುಕಿಕೊಳ್ಳಲಿ. ಇಡೀ ಪ್ರಾರ್ಥನಾ ಗುಂಪಿನ ಮುಂದೆ ಬಿಚ್ಚಿಡುವುದು ಬೇಡ. ನಿಮ್ಮ ಒಳಗಿನ ಅಸೂಯೆಯನ್ನು, ಅದು ಗೊತ್ತೇ ಇಲ್ಲದವರ ಬಳಿ ಹೋಗಿ ಹೇಳುವುದೂ ಬೇಡ. ನಿಮ್ಮ ಭಾರ ಇಳಿಯುತ್ತದೆ, ಅವರ ತಲೆಗೇರುತ್ತದೆ. ಇನ್ನೊಬ್ಬರ ಮೇಲೆ ದೌರ್ಜನ್ಯ ನಡೆದಿದ್ದರೆ, ಮಗುವಿನ ಮೇಲಾಗಿದ್ದರಂತೂ, ಅದು ಪ್ರಾರ್ಥನೆಯಲ್ಲಿ ಮುಗಿಸುವ ವಿಷಯವಲ್ಲ. ಕಾನೂನಿನ ಮುಂದೆ ಹೋಗಲೇಬೇಕು.

ಹಿಂದಿರುಗಿಸುವುದು

ಜನ ಹೆಚ್ಚಾಗಿ ಹಾರಿಸಿಬಿಡುವುದು ಇದನ್ನೇ, ಆದ್ದರಿಂದಲೇ ಮನಸ್ಸು ಹಗುರಾಗುವುದಿಲ್ಲ. ಯಾಜಕಕಾಂಡ 6:5ರ ಲೆಕ್ಕ ನೇರವಾಗಿದೆ: ಮೋಸದಿಂದ ಪಡೆದದ್ದು ಪೂರ್ತಿ, ಅದರ ಮೇಲೆ ಐದನೆಯ ಒಂದು ಪಾಲು. ಸಾವಿರ ತೆಗೆದಿದ್ದರೆ ಸಾವಿರದ ಇನ್ನೂರು. ತೆರಿಗೆ ವಸೂಲಿಗಾರ ಜಕ್ಕಾಯ ನಾಲ್ಕರಷ್ಟು ಕೊಡಲು ತಾನಾಗಿ ಮುಂದಾದ (ಲೂಕ 19:8). ಕಳೆದುಕೊಂಡವರು ಬದುಕಿಲ್ಲದಿದ್ದರೆ ಅವರ ಹತ್ತಿರದ ಸಂಬಂಧಿಗೆ, ಅವರೂ ಇಲ್ಲದಿದ್ದರೆ ದೇವರ ಪಾಲಿಗೆ ಎನ್ನುತ್ತದೆ ಅರಣ್ಯಕಾಂಡ 5:8. ಕದ್ದದ್ದು ಹಣವಲ್ಲ, ಒಬ್ಬರ ಹೆಸರು ಎಂದಾದರೆ, ಚಾಡಿ ಯಾರ ಕಿವಿಗೆ ಹೋಗಿತ್ತೋ ಅವರ ಬಳಿಗೇ ಹೋಗಿ "ನಾನು ಹೇಳಿದ್ದು ಸುಳ್ಳು" ಎನ್ನಬೇಕು.

ಕ್ಷಮೆ ಕೇಳುವಾಗ "ನಿನಗೆ ನೋವಾಗಿದ್ದರೆ" ಎಂಬ ಮಾತು ಬೇಡ, "ಆದರೆ" ಕೂಡ ಬೇಡ. ಅವರು ತಕ್ಷಣ ಕ್ಷಮಿಸಬೇಕೆಂಬ ಹಟವೂ ಬೇಡ.

ಖಾಲಿ ಜಾಗ

ಬಿಟ್ಟದ್ದರ ಜಾಗದಲ್ಲಿ ಬೇರೇನೂ ಬರದಿದ್ದರೆ ಹಳೆಯದೇ ವಾಪಸ್ಸು ಬರುತ್ತದೆ, ಜೊತೆಗಾರರನ್ನೂ ಕರೆದುಕೊಂಡು. ಮತ್ತಾಯ 12:43-45ರಲ್ಲಿ, ಬಿಟ್ಟುಹೋದ ದೆವ್ವ ಇನ್ನೂ ಏಳು ದೆವ್ವಗಳೊಂದಿಗೆ ಮರಳುವ, ಗುಡಿಸಿ ಅಲಂಕರಿಸಿದ ಮನೆಯ ಗತಿ ಇದೇ. ಎಫೆಸ 4ರಲ್ಲಿ ಪೌಲ ಯಾವ ಪಾಪವನ್ನೂ ಸುಮ್ಮನೆ ಬಿಡು ಅನ್ನುವುದಿಲ್ಲ. ಸುಳ್ಳಿನ ಜಾಗದಲ್ಲಿ ನಿಜ. ಕಳ್ಳನಿಗೆ ಕಳವು ನಿಂತರೆ ಸಾಲದು, ಕೈಯಾರೆ ದುಡಿದು ಇಲ್ಲದವರಿಗೆ ಕೊಡುವಷ್ಟಾಗಬೇಕು. ಹೊಲಸು ಮಾತಿನ ಜಾಗದಲ್ಲಿ ಕೇಳುವವರನ್ನು ಕಟ್ಟುವ ಮಾತು. ನಿಮ್ಮ ಪಾಪಕ್ಕೂ ಹೀಗೆ ಒಂದು ಎದುರು ಕೆಲಸ ಬರೆದಿಡಿ, ದಿನಕ್ಕೊಂದು ಸಲ ಮಾಡುವಷ್ಟು ಚಿಕ್ಕದಾಗಿರಲಿ. ಸಿಡುಕಿಗೆ: ಮಗನ ಒಂದು ಒಳ್ಳೆಯ ಕೆಲಸವನ್ನು ಅವನ ಎದುರೇ ಹೇಳುವುದು.

ಉಪವಾಸ ಇದಕ್ಕೆ ಆಸರೆ, ಬದಲಿ ಅಲ್ಲ. ವಾರಕ್ಕೊಂದು ಊಟದಿಂದ ಶುರುಮಾಡಿ, ಆ ಹೊತ್ತನ್ನು ಪ್ರಾರ್ಥನೆಗೆ, ಉಳಿದ ಊಟವನ್ನು ಹಸಿದವರಿಗೆ ಕೊಡಿ (ಯೆಶಾಯ 58:7). ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ಊಟ ಬಿಡುವ ಬದಲು ಮೊಬೈಲ್ ಬಿಡಲಿ.

ಎಲ್ಲಿ ಕೆಡುತ್ತದೆ

ಇದೆಲ್ಲ ನಮ್ಮ ಬಲದಿಂದ ನಡೆಯುತ್ತಿದೆ ಎನ್ನಿಸತೊಡಗಿದರೆ ಕೆಟ್ಟಿತು ಎಂದೇ ಅರ್ಥ. ದುಡಿಯಿರಿ, ನಿಮ್ಮೊಳಗೆ ದುಡಿಯುವವನು ದೇವರೇ ಎಂದು ಫಿಲಿಪ್ಪಿ 2:12-13 ಎರಡನ್ನೂ ಒಟ್ಟಿಗೆ ಇಡುತ್ತದೆ. ಪರರ ತಪ್ಪಿನ ಮೇಲೆ ತಾತ್ಸಾರ ಹುಟ್ಟುವುದು ಇದರ ಮೊದಲ ಲಕ್ಷಣ.

ಪ್ರಗತಿಯನ್ನು ಭಾವೋದ್ರೇಕದಿಂದ ಅಳೆಯಬೇಡಿ. ಬಿದ್ದದ್ದಕ್ಕೂ ಎದ್ದು ದೇವರ ಬಳಿ ಬಂದದ್ದಕ್ಕೂ ನಡುವಿನ ಅಂತರ ನೋಡಿ. ಮೂರು ದಿನ ಮುಖ ಮರೆಸಿಕೊಳ್ಳುತ್ತಿದ್ದವರು ಅದೇ ಸಂಜೆ ಬಂದರೆ ಅದು ದೊಡ್ಡ ಬದಲಾವಣೆ. 2 ಕೊರಿಂಥ 7:10 ಎರಡು ಬಗೆಯ ದುಃಖಗಳನ್ನು ಹೇಳುತ್ತದೆ: ದೇವರ ಕಡೆ ತಿರುಗಿಸುವುದು ಒಂದು, ಸಾವಿಗೆ ಒಯ್ಯುವುದು ಇನ್ನೊಂದು. ಯೇಸುವಿನ ಶಿಷ್ಯರಾದ ಪೇತ್ರ, ಯೂದ ಇಬ್ಬರೂ ಒಂದೇ ರಾತ್ರಿ ತಮ್ಮ ಗುರುವಿಗೆ ತಪ್ಪಿ ನಡೆದರು, ಇಬ್ಬರಿಗೂ ಮನಸ್ಸು ಮುರಿಯಿತು. ಪೇತ್ರ ಮಾತ್ರ ತಿರುಗಿ ಬಂದ.

ಇನ್ನು ಕೆಲವರಿಗೆ ಕ್ಷಮೆಯಾದ ಪಾಪವನ್ನೇ ಮತ್ತೆ ಮತ್ತೆ ಅರಿಕೆ ಮಾಡದೆ ಸಮಾಧಾನವಿಲ್ಲ. ಅಂಥವರು ಚುಕ್ಕೆ ಹಾಕುವುದನ್ನು ಸದ್ಯಕ್ಕೆ ಬಿಡಬೇಕು, ಒಬ್ಬರೇ ಗುರುಗಳನ್ನು ಅಥವಾ ಪಾಸ್ಟರನ್ನು ಹಿಡಿದು, ಅವರು "ಇದು ಮುಗಿದಿದೆ" ಎಂದದ್ದನ್ನು ಮತ್ತೆ ಕೆದಕಬಾರದು. ಆ ಯೋಚನೆ ಊಟ, ನಿದ್ದೆ, ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಮನೋವೈದ್ಯರನ್ನೂ ಕಾಣಬೇಕು.