ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿದರೆ ಸಾಲದು, ನಿಮ್ಮ ಪ್ರೊಫೈಲ್‌ಗೆ ಪಿನ್ ಹಾಕಿ

ಮನೆಗೆ ಸ್ಮಾರ್ಟ್ ಟೀವಿ ಬಂತು, ನೆಟ್‌ಫ್ಲಿಕ್ಸ್ ಹಾಕಿಸಿದಿರಿ, ಮಗುವಿನ ಹೆಸರಲ್ಲಿ ಒಂದು ಕಿಡ್ಸ್ ಪ್ರೊಫೈಲ್ ಕೂಡ ಮಾಡಿದಿರಿ. ಅಲ್ಲಿಗೆ ಕೆಲಸ ಮುಗೀತು ಅಂತ ಬಹಳಷ್ಟು ಅಪ್ಪ ಅಮ್ಮಂದಿರು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಕಿಡ್ಸ್ ಪ್ರೊಫೈಲ್‌ನಿಂದ ಹೊರಗೆ ಬರುವುದಕ್ಕೆ ರಿಮೋಟ್‌ನಲ್ಲಿ ಎರಡು ಮೂರು ಬಟನ್ ಒತ್ತಿದರೆ ಸಾಕು, ಪಕ್ಕದಲ್ಲೇ ಅಪ್ಪನ ಪ್ರೊಫೈಲ್ ಇರುತ್ತದೆ, ಅದಕ್ಕೆ ಪಿನ್ ಇರುವುದಿಲ್ಲ. ಐದು ವರ್ಷದ ಮಗುವಿಗೂ ಇದು ಒಂದು ವಾರದಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಪಿನ್ ಬೇಕಾಗಿರುವುದು ಮಗುವಿನ ಪ್ರೊಫೈಲ್‌ಗಲ್ಲ, ದೊಡ್ಡವರ ಪ್ರೊಫೈಲ್‌ಗಳಿಗೆ. ಒಂದಕ್ಕಲ್ಲ, ಎಲ್ಲದಕ್ಕೂ.

ಮೊದಲು ಒಂದು ವಿಷಯ ತಿಳಿದುಕೊಂಡಿರಿ. ಥಿಯೇಟರ್‌ಗೆ ಬರುವ ಸಿನಿಮಾವನ್ನು ಸೆನ್ಸಾರ್ ಮಂಡಳಿ ನೋಡಿ ಸರ್ಟಿಫಿಕೇಟ್ ಕೊಡುತ್ತದೆ. ಒಟಿಟಿಗೆಂದೇ, ಅಂದರೆ ನೆಟ್‌ಫ್ಲಿಕ್ಸ್‌ನಂತೆ ಇಂಟರ್ನೆಟ್‌ನಲ್ಲಿ ತೋರಿಸುವ ಸೇವೆಗಳಿಗೆಂದೇ, ಮಾಡಿದ ಸರಣಿಗಳಿಗೆ ಹಾಗಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದ ಐಟಿ ನಿಯಮಗಳ ಪ್ರಕಾರ ಆ ಕಂಪನಿಗಳೇ ತಮ್ಮ ಕಾರ್ಯಕ್ರಮಗಳನ್ನು ವಯಸ್ಸಿನ ಮೇಲೆ ಐದು ಗುಂಪು ಮಾಡಬೇಕು: ಯು, ಯು/ಎ 7+, ಯು/ಎ 13+, ಯು/ಎ 16+, ಮತ್ತು ಎ. 13+ ಮತ್ತು ಅದಕ್ಕೆ ಮೇಲಿನದಕ್ಕೆ ಪೇರೆಂಟಲ್ ಲಾಕ್ ಸೌಲಭ್ಯ ಕೊಡಲೇಬೇಕು ಅಂತ ಅದೇ ನಿಯಮ ಹೇಳುತ್ತದೆ. ಕೊಡಬೇಕು ಅಂತ ಇದೆ, ಆದರೆ ಅದನ್ನು ಹಾಕಿಕೊಳ್ಳಬೇಕಾದವರು ನಾವು. ಮತ್ತೆ ಈ ವಯಸ್ಸು ಕಂಪನಿಯವರ ಅಂದಾಜು, ನಿಮ್ಮ ಮಗುವನ್ನು ನೋಡಿ ಹಾಕಿದ್ದಲ್ಲ. ರಾತ್ರಿ ಹೆದರಿ ಏಳುವ ಮಗುವಿಗೆ 7+ ಕೂಡ ಜಾಸ್ತಿ ಆಗಬಹುದು.

ಕೂರುವ ಮುಂಚೆ

ಟೀವಿಯಲ್ಲಿ ಇದನ್ನು ಮಾಡಲು ಹೋಗಬೇಡಿ, ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ಹಾಕುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಫೋನ್ ಅಥವಾ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಮಾಡಿ. ಅಕೌಂಟ್ ಯಾರ ಹೆಸರಲ್ಲಿದೆಯೋ ಅವರ ಪಾಸ್‌ವರ್ಡ್, ಇಮೇಲ್, ಮೊಬೈಲ್ ಹತ್ತಿರ ಇರಲಿ, ಮಧ್ಯದಲ್ಲಿ ಕೋಡ್ ಬರಬಹುದು. ಮಕ್ಕಳು ಮಲಗಿದ ಮೇಲೆ ಅಥವಾ ಸ್ಕೂಲಿಗೆ ಹೋದಾಗ ಕೂತರೆ ಒಳ್ಳೆಯದು. ಹೆಗಲ ಮೇಲಿಂದ ಇಣುಕಿ ನೋಡುತ್ತಿದ್ದರೆ ಪಿನ್ ಹಾಕಿಯೂ ಪ್ರಯೋಜನವಿಲ್ಲ, ಅಲ್ವಾ?

ನೆಟ್‌ಫ್ಲಿಕ್ಸ್‌ನಲ್ಲಿ

ಬ್ರೌಸರ್‌ನಲ್ಲಿ ಲಾಗಿನ್ ಆಗಿ, ಅಕೌಂಟ್ ಪುಟಕ್ಕೆ ಹೋಗಿ. ಅಲ್ಲಿ ಪ್ರೊಫೈಲ್ಸ್ ಅಂತ ಇರುತ್ತದೆ, ಒತ್ತಿದರೆ ಮನೆಯವರ ಎಲ್ಲ ಪ್ರೊಫೈಲ್‌ಗಳೂ ಕಾಣುತ್ತವೆ. ಒಂದು ಅಕೌಂಟ್‌ಗೆ ಐದು ಪ್ರೊಫೈಲ್‌ವರೆಗೆ ಮಾಡಬಹುದು.

ಮೊದಲು ಮಗುವಿನದನ್ನು ತೆಗೆದುಕೊಳ್ಳಿ. ಇಲ್ಲದಿದ್ದರೆ ಹೊಸದು ಮಾಡಿ, ಮಾಡುವಾಗಲೇ ಕಿಡ್ಸ್ ಅನ್ನುವುದನ್ನು ಆನ್ ಮಾಡಿ. ಇದು 12 ವರ್ಷದವರೆಗಿನ ಮಕ್ಕಳಿಗೆ. ಇದರಿಂದ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಲು ಬರುವುದಿಲ್ಲ. ಆಮೇಲೆ ಪೇರೆಂಟಲ್ ಕಂಟ್ರೋಲ್ಸ್ ಒತ್ತಿ, ಪಾಸ್‌ವರ್ಡ್ ಹಾಕಿ, ವಯಸ್ಸಿನ ಮಿತಿ ಆರಿಸಿ, ಸೇವ್ ಮಾಡಿ. ಸೇವ್ ಮಾಡದೆ ಹಿಂದೆ ಬಂದರೆ ಏನೂ ಆಗಿರುವುದಿಲ್ಲ.

ಅದೇ ಪುಟದಲ್ಲಿ ಇನ್ನೊಂದು ಸೌಲಭ್ಯ ಇದೆ, ಬಹಳ ಜನ ನೋಡಿಯೇ ಇರುವುದಿಲ್ಲ. ಒಂದು ನಿರ್ದಿಷ್ಟ ಕಾರ್ಯಕ್ರಮದ ಹೆಸರು ಟೈಪ್ ಮಾಡಿ ಅದನ್ನು ಮಾತ್ರ ಆ ಪ್ರೊಫೈಲ್‌ನಿಂದ ತೆಗೆಯಬಹುದು. ವಯಸ್ಸಿಗೆ ಸರಿಯಾಗಿಯೇ ಇದ್ದರೂ ಯಾವುದೋ ಕಾರ್ಟೂನ್ ನೋಡಿದ ಮೇಲೆ ಮಗು ತಮ್ಮನನ್ನು ಒದೆಯಲು ಶುರು ಮಾಡುತ್ತದೆ ಅಂತಿಟ್ಟುಕೊಳ್ಳಿ, ಅದೊಂದನ್ನು ತೆಗೆದರೆ ಆಯಿತು. ಹುಡುಕಿದರೂ ಸಿಗುವುದಿಲ್ಲ. ಮನೆಯಲ್ಲಿ ಜಗಳವೂ ಇಲ್ಲ.

ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡುವುದನ್ನು ಮರೆಯಬೇಡಿ. ಒಂದು ಎಪಿಸೋಡ್ ಮುಗಿದ ತಕ್ಷಣ ಮುಂದಿನದು ತಾನಾಗಿಯೇ ಶುರುವಾಗುತ್ತದಲ್ಲ, ಊಟಕ್ಕೆ ಬಾ ಅಂತ ಹತ್ತು ಸಲ ಕರೆಯುವ ಪರಿಸ್ಥಿತಿ ಬರುವುದು ಅಲ್ಲಿಂದಲೇ. ಆಫ್ ಮಾಡಿದರೆ ಒಂದು ಕಥೆ ಮುಗಿದಾಗ ಪರದೆ ನಿಲ್ಲುತ್ತದೆ, ಆ ಹೊತ್ತಿಗೆ ಹೋಗಿ ನಿಲ್ಲಿಸುವುದು ಬಹಳ ಸುಲಭ.

ಈಗ ಮುಖ್ಯ ಕೆಲಸ. ನಿಮ್ಮ ಪ್ರೊಫೈಲ್ ತೆರೆಯಿರಿ, ಪ್ರೊಫೈಲ್ ಲಾಕ್ ಒತ್ತಿ, ನಾಲ್ಕು ಅಂಕಿಯ ಪಿನ್ ಕೊಡಿ. ನಿಮ್ಮವರದಕ್ಕೂ ಹಾಕಿ, ಅಜ್ಜಿಯದಕ್ಕೂ ಹಾಕಿ, ಯಾವಾಗಲೋ ಒಮ್ಮೆ ಬರುವ ಚಿಕ್ಕಪ್ಪನ ಹೆಸರಲ್ಲಿ ಇರುವುದಕ್ಕೂ ಹಾಕಿ ಅಥವಾ ಅದನ್ನು ಅಳಿಸಿಬಿಡಿ. ಅಲ್ಲೇ ಹೊಸ ಪ್ರೊಫೈಲ್ ಮಾಡಲೂ ಪಿನ್ ಬೇಕು ಅನ್ನುವ ಆಯ್ಕೆ ಇರುತ್ತದೆ, ಅದಕ್ಕೂ ಟಿಕ್ ಹಾಕಿ. ಇಲ್ಲದಿದ್ದರೆ ಬುದ್ಧಿವಂತ ಮಗು ತನಗೆ ಬೇಕಾದ ಹಾಗೆ ಹೊಸದೊಂದು ಪ್ರೊಫೈಲ್ ಮಾಡಿಕೊಳ್ಳುತ್ತದೆ.

ಪಿನ್ ಯಾವುದು ಅನ್ನುವುದರ ಬಗ್ಗೆ ಎರಡು ಮಾತು. ಹುಟ್ಟಿದ ವರ್ಷ ಬೇಡ, ಸ್ಕೂಟರ್ ನಂಬರ್ ಬೇಡ, ಫೋನಿನ ಪಿನ್ ಅಂತೂ ಬೇಡವೇ ಬೇಡ, ಅದು ಮಕ್ಕಳಿಗೆ ಆಗಲೇ ಬಾಯಿಪಾಠ ಆಗಿರುತ್ತದೆ. ಟೀವಿಯಲ್ಲಿ ಪಿನ್ ಹಾಕುವಾಗ ಪರದೆ ಮೇಲೆ ಅಂಕಿಗಳ ಮಣೆ ಬಂದು, ರಿಮೋಟ್ ಬಾಣ ಒತ್ತಿದ ಹಾಗೆಲ್ಲ ಬಿಳಿ ಚೌಕ 3ರಿಂದ 6ಕ್ಕೆ, 6ರಿಂದ 9ಕ್ಕೆ ಸರಿಯುವುದು ಸೋಫಾ ಮೇಲೆ ಕೂತವರಿಗೆಲ್ಲ ಕಾಣುತ್ತದೆ. ಮಗು ನೋಡುವುದು ನಿಮ್ಮ ಕೈಯನ್ನಲ್ಲ, ಆ ಚೌಕವನ್ನು. ಮಗು ರೂಮಿನಲ್ಲಿ ಇಲ್ಲದಾಗ ಹಾಕಿ, ಆಗಾಗ ಬದಲಿಸಿ. ಇನ್ನೊಂದು, ಪಿನ್ ಮರೆತರೆ ಪಾಸ್‌ವರ್ಡ್ ಹಾಕಿ ಒಳಗೆ ಬರಬಹುದು. ಅಂದರೆ ಫೋನಿನ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಸೇವ್ ಆಗಿದ್ದು, ಆ ಫೋನ್ ಮಗುವಿನ ಕೈಯಲ್ಲಿ ಆಡುತ್ತಿದ್ದರೆ ಪಿನ್ ಇದ್ದೂ ಇಲ್ಲದ ಹಾಗೆ.

ಎಲ್ಲ ಬದಲಿಸಿದ ಮೇಲೆ ಟೀವಿಯಲ್ಲಿ ಹಳೆಯದೇ ಕಾಣುತ್ತಿದ್ದರೆ ಗಾಬರಿ ಬೇಡ. ಬೇರೆ ಪ್ರೊಫೈಲ್‌ಗೆ ಹೋಗಿ ವಾಪಸ್ ಬನ್ನಿ, ಆಗಲೂ ಸರಿಹೋಗದಿದ್ದರೆ ಸೈನ್ ಔಟ್ ಮಾಡಿ ಮತ್ತೆ ಲಾಗಿನ್ ಆಗಿ.

ಪ್ರೈಮ್ ವಿಡಿಯೊ ಮತ್ತು ಜಿಯೋಹಾಟ್‌ಸ್ಟಾರ್

ಪ್ರೈಮ್‌ನಲ್ಲಿ ಪಿನ್ ಐದು ಅಂಕಿಯದು. ಸೆಟ್ಟಿಂಗ್ಸ್‌ನಲ್ಲಿ ಪೇರೆಂಟಲ್ ಕಂಟ್ರೋಲ್ಸ್ ಹುಡುಕಿ ವಯಸ್ಸಿನ ಮಿತಿ ಹಾಕಿ. ಇಲ್ಲಿ ಒಂದು ಎಚ್ಚರಿಕೆ: ಆ ಮಿತಿ ಯಾವ ಯಾವ ಸಾಧನಗಳಿಗೆ ಅನ್ವಯ ಅಂತಲೂ ನೀವೇ ಆರಿಸಬೇಕು. ಫೋನಿಗೆ ಮಾತ್ರ ಆಗಿ ಟೀವಿ ಹಾಗೇ ಉಳಿದುಬಿಡಬಹುದು, ಆ ಪಟ್ಟಿಯನ್ನು ಪೂರ್ತಿ ನೋಡಿ. ಫೈರ್ ಟೀವಿ ಸ್ಟಿಕ್ ಇದ್ದವರು ಅದರದೇ ಸೆಟ್ಟಿಂಗ್ಸ್‌ನಲ್ಲಿ, ಪ್ರಿಫರೆನ್ಸಸ್ ಒಳಗೆ ಇರುವ ಪೇರೆಂಟಲ್ ಕಂಟ್ರೋಲ್ಸ್ ಆನ್ ಮಾಡಬೇಕು. ಪ್ರೈಮ್‌ನಲ್ಲಿ ದುಡ್ಡು ಕೊಟ್ಟು ಬಾಡಿಗೆಗೆ ನೋಡುವ ಸಿನಿಮಾಗಳೂ ಇರುವುದರಿಂದ ಖರೀದಿಗೂ ಪಿನ್ ಕೇಳುವ ಹಾಗೆ ಮಾಡಿಡಿ.

ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ 2025ರ ಫೆಬ್ರವರಿಯಲ್ಲಿ ಜಿಯೋಹಾಟ್‌ಸ್ಟಾರ್ ಆಯಿತು. ಹಳೆಯ ಆ್ಯಪ್‌ನಲ್ಲಿ ಎಂದೋ ಲಾಕ್ ಹಾಕಿದ್ದೆ ಅಂತ ಸುಮ್ನೆ ಕೂರಬೇಡಿ, ಒಂದು ಸಲ ತೆರೆದು ಲಾಕ್ ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಹೊಸದಾಗಿ ಹಾಕಿ. ಕ್ರಿಕೆಟ್ ನೋಡಲು ಮನೆಮಂದಿಯೆಲ್ಲ ಬಳಸುವ ಆ್ಯಪ್ ಇದು, ಹಾಗಾಗಿ ಯಾವಾಗಲೂ ದೊಡ್ಡವರ ಪ್ರೊಫೈಲ್‌ನಲ್ಲೇ ತೆರೆದಿರುತ್ತದೆ.

ಯೂಟ್ಯೂಬ್ ಬಿಟ್ಟರೆ ಎಲ್ಲವೂ ವ್ಯರ್ಥ

ಇಷ್ಟೆಲ್ಲ ಮಾಡಿ ಯೂಟ್ಯೂಬ್ ಹಾಗೇ ಬಿಡುವುದು ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಅದೇ ರಿಮೋಟ್‌ನಲ್ಲಿ ಸಾಮಾನ್ಯವಾಗಿ ಯೂಟ್ಯೂಬ್‌ಗೆಂದೇ ಒಂದು ಬಟನ್ ಇರುತ್ತದೆ. ಮೈಕ್ ಒತ್ತಿ ಮಾತಾಡಿದರೆ ಓದಲು ಬಾರದ ಮಗುವಿಗೂ ಬೇಕಾದ್ದು ಬರುತ್ತದೆ.

ಚಿಕ್ಕವರಿಗೆ ಫೋನ್, ಟ್ಯಾಬ್‌ಗಳಲ್ಲಿ ಯೂಟ್ಯೂಬ್ ಕಿಡ್ಸ್ ಅಂತ ಬೇರೆ ಆ್ಯಪ್ ಇದೆ, ಟೀವಿಯಲ್ಲಿ ಅದು ಯೂಟ್ಯೂಬ್ ಆ್ಯಪ್ ಒಳಗೇ ಸಿಗುತ್ತದೆ. ಅದರಲ್ಲಿ 4 ವರ್ಷದವರೆಗೆ, 5ರಿಂದ 8, 9ರಿಂದ 12 ಅಂತ ಮೂರು ಗುಂಪು. ನಾಲ್ಕನೆಯದೊಂದು ದಾರಿಯೂ ಇದೆ, ನೀವೇ ಆರಿಸಿದ ವಿಡಿಯೊ ಮತ್ತು ಚಾನೆಲ್ ಮಾತ್ರ ಬರುವ ಹಾಗೆ ಮಾಡುವುದು. ಆಗ ಹುಡುಕಾಟವೇ ಇರುವುದಿಲ್ಲ. ಸ್ವಲ್ಪ ಶ್ರಮ, ಆದರೆ ತೀರಾ ಸಣ್ಣ ಮಕ್ಕಳಿಗೆ ನನ್ನ ಪ್ರಕಾರ ಇದೇ ಸರಿ. ಟೈಮರ್ ಕೂಡ ಇದೆ, ಹೊತ್ತು ಮುಗಿದಾಗ ಆ್ಯಪ್ ತಾನೇ ನಿಲ್ಲುತ್ತದೆ, ಬೈಗುಳ ನಿಮಗೆ ಬರುವುದಿಲ್ಲ. ದೊಡ್ಡವರ ಸೆಟ್ಟಿಂಗ್ಸ್‌ಗೆ ಹೋಗುವಾಗ ಅದು ಒಂದು ಗುಣಾಕಾರದ ಲೆಕ್ಕ ಕೇಳುತ್ತದೆ. ಮಗ್ಗಿ ಕಲಿತ ಮೂರನೇ ಕ್ಲಾಸಿನ ಮಗುವಿಗೆ ಅದು ಯಾವ ಲೆಕ್ಕ! ಅದರ ಬದಲು ನಿಮ್ಮದೇ ಪಾಸ್‌ಕೋಡ್ ಇಟ್ಟುಕೊಳ್ಳಿ.

ಗೂಗಲ್ ಟೀವಿ ಇದ್ದವರಿಗೆ ಇನ್ನೂ ಅನುಕೂಲ. ಟೀವಿಯಲ್ಲೇ ಮಗುವಿನ ಪ್ರೊಫೈಲ್ ಮಾಡಿ ಯಾವ ಆ್ಯಪ್ ಕಾಣಬೇಕು, ದಿನಕ್ಕೆ ಎಷ್ಟು ಹೊತ್ತು ಅಂತ ಹಾಕಬಹುದು. ನೆಟ್‌ಫ್ಲಿಕ್ಸ್‌ನಲ್ಲಿ ಹೊತ್ತಿನ ಮಿತಿ ಇಲ್ಲದಿರುವುದರಿಂದ ಇದು ಬಹಳ ಉಪಯೋಗ.

ಅಜ್ಜಿ ತಾತನಿಗೂ ಹೇಳಿ

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಧ್ಯಾಹ್ನ ರಿಮೋಟ್ ಇರುವುದು ಅಜ್ಜಿ ಕೈಯಲ್ಲಿ. ಅವರಿಗೆ ಹೇಳದೆ ಪಿನ್ ಹಾಕಿದರೆ ಅವರ ಧಾರಾವಾಹಿಗೇ ತಡೆ ಬಿದ್ದು ಬೇಸರ ಆಗುತ್ತದೆ, ಕೊನೆಗೆ ಮೊಮ್ಮಗನ ಕೈಯಲ್ಲೇ ಪಿನ್ ಹಾಕಿಸಿಕೊಳ್ಳುತ್ತಾರೆ. ಅವರಿಗೆ ನೆನಪಿರುವ ಅಂಕಿ ಅವರೇ ಆರಿಸಲಿ, ಯಾಕೆ ಅಂತ ಬಿಡಿಸಿ ಹೇಳಿ, ಎರಡು ಸಲ ಅವರ ಕೈಯಿಂದಲೇ ಹಾಕಿಸಿ. ಮಗುವಿಗೂ ಹೇಳಿ. ಕದ್ದುಮುಚ್ಚಿ ಮಾಡುವ ಕೆಲಸ ಇದಲ್ಲ. ಹೆದರಿಕೆ ಆಗುವಂಥದ್ದು ಏನಾದರೂ ಕಂಡರೆ ಬಂದು ಹೇಳು, ಬೈಯುವುದಿಲ್ಲ ಅಂತ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ.

ಕೊನೆಗೆ ನೀವೇ ಪರೀಕ್ಷೆ ಮಾಡಿ. ಮಗುವಿನ ಪ್ರೊಫೈಲ್‌ಗೆ ಹೋಗಿ 18+ ಸರಣಿಯೊಂದರ ಹೆಸರು ಹುಡುಕಿ, ಬರಬಾರದು. ಹೊರಗೆ ಬಂದು ನಿಮ್ಮ ಪ್ರೊಫೈಲ್ ಒತ್ತಿ, ಪಿನ್ ಕೇಳಬೇಕು. ಹೊಸ ಪ್ರೊಫೈಲ್ ಮಾಡಲು ಹೋಗಿ, ಅಲ್ಲೂ ಕೇಳಬೇಕು. ಟೀವಿ, ಟ್ಯಾಬ್, ಮನೆಯ ಪ್ರತಿ ಫೋನ್‌ನಲ್ಲೂ ಹೀಗೆ ನೋಡಿ. ತಿಂಗಳಿಗೊಮ್ಮೆ ಅಕೌಂಟ್ ಪುಟದಲ್ಲಿ ಮಗು ಏನೇನು ನೋಡಿದೆ ಅನ್ನುವ ಪಟ್ಟಿ ತೆಗೆಯಿರಿ, ಲಾಗಿನ್ ಆಗಿರುವ ಸಾಧನಗಳ ಪಟ್ಟಿಯನ್ನೂ ನೋಡಿ ಗುರುತಿಲ್ಲದವನ್ನು ಸೈನ್ ಔಟ್ ಮಾಡಿ. ಮಗುವಿಗೆ 13 ತುಂಬಿದಾಗ ಇದೇ ಪುಟಕ್ಕೆ ಬಂದು, ಅದನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಿತಿಯನ್ನು ಒಂದು ಹಂತ ಮೇಲಕ್ಕೆ ಬದಲಿಸಿ.