ಕುಂಟಿ ಸ್ವಂತದ್ದು, ಟ್ರ್ಯಾಕ್ಟರ್ ಬಾಡಿಗೆದು

ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್‌ಬುಕ್ಕು, ಜಾತ್ರೆಯ ಬ್ಯಾನರು, ಬ್ಯಾಡಗಿ ಕಡೆಯ ಇಬ್ಬರು ವ್ಯಾಪಾರಿಗಳ ಖಾರಪುಡಿ ಪೌಚು: ಹೊಟ್ಟೆಪಾಡು ಇಷ್ಟರ ಮೇಲೆಯೇ. ನಾನು ಕೆಲಸ ಕಲಿತ ಅಂಗಡಿಗೆ ಸಾಫ್ಟ್‌ವೇರ್ ಪೆನ್‌ಡ್ರೈವ್‌ನಲ್ಲಿ ಬರುತ್ತಿತ್ತು. ಅದಕ್ಕೆ ದುಡ್ಡು ಕೊಡಬೇಕು ಅಂತ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಿತ್ತು, ಯಾರೂ ಕೊಡುತ್ತಿರಲಿಲ್ಲ. ನನ್ನ ಅಂಗಡಿಯನ್ನೂ ಹಾಗೇ ತೆರೆದೆ. ದುಡ್ಡು ಕೊಡದೆ ಬಳಸಲು ಸಾಫ್ಟ್‌ವೇರಿನ ಬೀಗ ಮುರಿಯುವ ಕ್ರ್ಯಾಕ್ ಜೊತೆ ಬಂದ ವೈರಸ್ಸೊಂದು ಮೂರು ವರ್ಷದ ಫೈಲುಗಳಿಗೆಲ್ಲ ಕೀಲಿ ಜಡಿದು ಕೂತ ಮೇಲೆ ಬುದ್ಧಿ ಬಂತು.

ಬುದ್ಧಿ ಬಂದದ್ದೂ ಅರ್ಧವೇ. ಅವಸರದಲ್ಲಿ ಎಲ್ಲವನ್ನೂ ಸಬ್‌ಸ್ಕ್ರಿಪ್ಷನ್ ಮೇಲೆ, ಅಂದರೆ ಕಂತಿನ ಚಂದಾ ಕಟ್ಟಿ, ತಗೊಂಡೆ. ಅಡೋಬಿ ಕಂಪನಿಯವರು 2013ರಿಂದಲೇ ಫೋಟೋ ತಿದ್ದುವ ಫೋಟೋಶಾಪ್, ಪುಸ್ತಕದ ಪುಟ ಕಟ್ಟುವ ಇನ್‌ಡಿಸೈನ್‌ಗಳ ಹೊಸ ಆವೃತ್ತಿಗಳನ್ನು ಚಂದಾ ಮೇಲಷ್ಟೇ ಕೊಡುತ್ತಿದ್ದರು. ಚಿತ್ರ, ಅಕ್ಷರ ಜೋಡಿಸಿ ಡಿಸೈನ್ ಮಾಡುವ ಕೋರೆಲ್‌ಡ್ರಾ ಚಂದಾದಲ್ಲೂ ಸಿಗುತ್ತಿತ್ತು, ಒಮ್ಮೆಲೇ ಕೊಳ್ಳಲಿಕ್ಕೂ ಸಿಗುತ್ತಿತ್ತು. ಇಡಿಗಂಟು ಕೊಡುವ ಬದಲು ತಿಂಗಳ ಕಂತು ಹಗುರ ಕಂಡಿತು.

ನಮ್ಮ ಧಂದೆಯ ಲೆಕ್ಕ ಪಂಚಾಂಗದ್ದು. ಮಾಘದಿಂದ ವೈಶಾಖದವರೆಗೆ ಉಣ್ಣಲಿಕ್ಕೂ ಪುರುಸೊತ್ತಿಲ್ಲ. ಆಷಾಢದಲ್ಲಿ ನೊಣ ಹೊಡೆಯುತ್ತ ಕೂಡಬೇಕು, ಪಿತೃಪಕ್ಷದಲ್ಲಿ ನೊಣವೂ ಬರುವುದಿಲ್ಲ. ಕಂತಿಗೆ ಮಾತ್ರ ಆಷಾಢವಿಲ್ಲ. ಖಾಲಿ ಕೂತಾಗ ಒಂದು ಕಂಪನಿಯ ಚಂದಾ ನಿಲ್ಲಿಸಲು ಹೋದೆ. ನಾನು ತಿಂಗಳ ಲೆಕ್ಕದ್ದು ಅಂದುಕೊಂಡದ್ದು ನಿಜಕ್ಕೂ ವರ್ಷದ ಕರಾರು, ಕಟ್ಟುವುದಷ್ಟೇ ತಿಂಗಳ ತಿಂಗಳು. ನಡುವೆ ಬಿಟ್ಟರೆ ಉಳಿದ ಕಂತುಗಳ ಅರ್ಧ ಮೊತ್ತ ದಂಡ. ಸಣ್ಣ ಅಕ್ಷರದಲ್ಲಿ ಬರೆದಿತ್ತು, ದಿನಾ ಸಣ್ಣ ಅಕ್ಷರ ಜೋಡಿಸುವ ನಾನೇ ಓದಿರಲಿಲ್ಲ.

ಇನ್ನೊಂದು ಪೆಟ್ಟು 2021ರ ಅಕ್ಟೋಬರ್‌ನಲ್ಲಿ. ಆ ತಿಂಗಳ 1ನೇ ತಾರೀಖಿನಿಂದ ಕಾರ್ಡಿನ ಆಟೋ ಪೇಮೆಂಟಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು: ಹೊಸದಾಗಿ ಒಪ್ಪಿಗೆ ಕೊಡದಿದ್ದರೆ ಹಣ ಕಡಿತವಾಗದು. ನಿಯಮ ಒಳ್ಳೆಯದೇ. ಬ್ಯಾಂಕಿನಿಂದ ಮೆಸೇಜ್ ಬಂದಿತ್ತು, ನೋಡದೆ ಬಿಟ್ಟವನು ನಾನು. ಕಂತು ತಪ್ಪಿತು. ನಾಲ್ಕು ದಿನ ಎಚ್ಚರಿಕೆ ತೋರಿಸಿ ಆಮೇಲೆ ಸಾಫ್ಟ್‌ವೇರ್ ಬಾಗಿಲು ಹಾಕಿಕೊಂಡಿತು. ದೀಪಾವಳಿಗೆ ಕೊಡಬೇಕಿದ್ದ ಪೌಚಿನ ಫೈಲು ನನ್ನದೇ ಕಂಪ್ಯೂಟರಿನಲ್ಲಿದೆ, ತೆರೆಯಲಿಕ್ಕೆ ಬರುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಈ ಗೋಳು ಕೇಳಿದ ಅಪ್ಪ ಅಂದ: "ಟ್ರ್ಯಾಕ್ಟರ್ ಬಾಡಿಗಿ ತರತೇವಿ, ಖರೇ. ಕುಂಟಿನೂ ಬಾಡಿಗಿ ತಂದ್ರ ಒಕ್ಕಲತನ ಆಗತೈತೇನೋ ತಮ್ಮಾ?" ಕುಂಟಿ ಅಂದರೆ ಹೊಲ ಹರಗುವ, ಒಕ್ಕಲಿಗನಿಗೆ ಸದಾ ಬೇಕಾಗುವ ಸಲಕರಣೆ.

ಮರುದಿನದಿಂದ ಎರಡು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಯಾವ ಕೆಲಸ, ಯಾವ ಸಾಫ್ಟ್‌ವೇರ್, ಎಷ್ಟು ಹೊತ್ತು. ಹತ್ತರಲ್ಲಿ ಎಂಟು ಕೆಲಸ ಕೋರೆಲ್‌ಡ್ರಾದಲ್ಲೇ ಮುಗಿಯುತ್ತಿದ್ದವು. ಫೋಟೋಶಾಪ್ ಬೇಕಾದದ್ದು ಪೌಚಿಗೆ, ಫೋಟೋ ಕತ್ತರಿಸಲಿಕ್ಕೆ. ಇನ್‌ಡಿಸೈನ್ ಅಂತೂ ವರ್ಷಕ್ಕೆ ಒಂದೆರಡು ಸ್ಮರಣ ಸಂಚಿಕೆ ಬಂದಾಗಷ್ಟೇ. ನನ್ನ ಕುಂಟಿ ಯಾವುದು ಅಂತ ಗೊತ್ತಾಯಿತು.

ಹುಬ್ಬಳ್ಳಿಯ ಡೀಲರ್ ಒಬ್ಬರಿಂದ ಕೋರೆಲ್‌ಡ್ರಾಕ್ಕೆ ಕೊಟೇಷನ್ ತರಿಸಿದೆ. ಕೊಳ್ಳುವ ಬೆಲೆ ಹೆಚ್ಚುಕಡಿಮೆ ಎರಡೂವರೆ ವರ್ಷದ ಚಂದಾಕ್ಕೆ ಸಮ. ಲಗ್ನಪತ್ರಿಕೆಗೆ ಹೊಸ ಹೊಸ ಸೌಲಭ್ಯ ಬೇಕಿಲ್ಲ, ಐದು ವರ್ಷ ಅದೇ ಆವೃತ್ತಿ ಸಾಕು ಅನ್ನಿಸಿ ಕೊಂಡುಬಿಟ್ಟೆ. ಮೇಲೆ 18% ಜಿಎಸ್‌ಟಿ. ರೆಗ್ಯುಲರ್ ನೋಂದಣಿ ಇದ್ದವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟುವ ತೆರಿಗೆಯಲ್ಲಿ ವಜಾ ಆಗಿ, ಸಿಗುತ್ತದೆ. ನಾನಿದ್ದದ್ದು ಸಣ್ಣ ವ್ಯಾಪಾರಿಗಳ ಕಾಂಪೋಸಿಷನ್ ಸ್ಕೀಮಿನಲ್ಲಿ, ಅಲ್ಲಿ ಆ ಕ್ರೆಡಿಟ್ ಇಲ್ಲ, ಕೈಯಿಂದಲೇ ಹೋಯಿತು. ಲೆಕ್ಕಪತ್ರ ಇಡುವವರು ಇನ್ನೊಂದು ಮಾತನ್ನೂ ತಮ್ಮ ಆಡಿಟರ್‌ಗೆ ಕೇಳಿಕೊಳ್ಳಬೇಕು: ಚಂದಾ ಆ ವರ್ಷದ ಖರ್ಚಿಗೇ ಪೂರ್ತಿ ಬೀಳುತ್ತದೆ, ಕೊಂಡದ್ದಕ್ಕೆ ವರ್ಷಕ್ಕೆ 40%ರಂತೆ ಸವಕಳಿ.

ಕೊಳ್ಳುವ ಮುಂಚೆ ಮಾಡಿದ ಒಂದು ಕೆಲಸ ಮಾತ್ರ ಶಾಣ್ಯಾತನದ್ದು. ಹಲವು ಸಾಫ್ಟ್‌ವೇರ್‌ಗಳ ಟ್ರಯಲ್ ಇಳಿಸಿಕೊಂಡು, ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸುವ ಯುನಿಕೋಡ್ ಕನ್ನಡವನ್ನು, ಅಂದರೆ ಮೊಬೈಲಿನಲ್ಲಿ ಟೈಪ್ ಮಾಡುವ ಕನ್ನಡವನ್ನು, ಅವುಗಳೊಳಗೆ ಅಂಟಿಸಿ ನೋಡಿದೆ. ಒಮ್ಮೆ ಕೊಂಡರೆ ಮುಗಿಯಿತು ಎನ್ನುವ ಅಗ್ಗದ್ದೊಂದರಲ್ಲಿ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಅನ್ನುವ ಮೊದಲ ಸಾಲೇ ಒತ್ತಕ್ಷರ ಕಳಚಿ ಬಿತ್ತು. ಶ್ರೀಕಾರವೇ ಮುರಿದ ಪತ್ರಿಕೆಯನ್ನು ಯಾವ ಬೀಗರ ಮನೆಗೆ ಕೊಡುವುದು? ಹಳೆಯ ಫೈಲುಗಳೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟುಗಳಲ್ಲಿವೆ, ಅವನ್ನೂ ತೆರೆದು ನೋಡಬೇಕು. 'ಜ್ಞ', 'ಸ್ತ್ರೀ', ಅರ್ಕಾವತ್ತು ಇರುವ ನಾಲ್ಕು ಶಬ್ದ ಹಾಕಿ, ಪಿಡಿಎಫ್ ಮಾಡಿ, ಪ್ರಿಂಟ್ ತೆಗೆದು ನೋಡುವವರೆಗೆ ಜೇಬಿಗೆ ಕೈ ಹಾಕಬೇಡಿ. ಪರದೆಯ ಮೇಲೆ ಸರಿ ಕಂಡದ್ದು ಮುದ್ರಣದ ಪ್ಲೇಟಿನ ಮೇಲೆ ಕೈಕೊಟ್ಟದ್ದುಂಟು.

ಕೊಂಡವನಿಗೂ ತಾಪತ್ರಯ ತಪ್ಪಿಲ್ಲ. ಹೊಸ ಕೋರೆಲ್ ಫೈಲನ್ನು ಹಳೇ ಕೋರೆಲ್ ತೆರೆಯುವುದಿಲ್ಲ. "ವರ್ಷನ್ ಇಳಿಸಿ ಕಳಸ್ರಿ ಅಣ್ಣಾರ" ಅಂತ ಇತರ ಅಂಗಡಿಯವರಿಗೆ ಹೇಳಿ ಹೇಳಿ ಸಾಕಾಗಿದೆ. ಕೋರೆಲ್ ಹಾಕಿದ ಕಂಪ್ಯೂಟರಿನ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಯಿತು. ಆ ಕಂಪ್ಯೂಟರಿನ ನೆಟ್ ವಾಯರ್ ಕಿತ್ತು, ಕೋರೆಲ್ ಕೆಲಸಕ್ಕಷ್ಟೇ ಇಟ್ಟಿದ್ದೇನೆ. ಸತ್ತರೆ ಹೊಸದರಲ್ಲಿ ಅದೇ ಲೈಸೆನ್ಸ್ ಮತ್ತೆ ಚಾಲೂ ಆಗಬೇಕಲ್ಲ, ಅದಕ್ಕೆ ಖರೀದಿ ಬಿಲ್ಲು, ಸೀರಿಯಲ್ ನಂಬರು ತಿಜೋರಿಯಲ್ಲಿವೆ, ಮನೆಯ ಉತಾರದ ಜೊತೆ.

ಟ್ರ್ಯಾಕ್ಟರ್ ಇನ್ನೂ ಬಾಡಿಗೆದೇ. ಸ್ಮರಣ ಸಂಚಿಕೆ ಒಪ್ಪಿಕೊಂಡಾಗ ಇನ್‌ಡಿಸೈನನ್ನು ಒಂದು ತಿಂಗಳಿಗೆ ತರುತ್ತೇನೆ. ಕರಾರಿಲ್ಲದ ಬಿಡಿ ತಿಂಗಳಿಗೆ ದರ ಜಾಸ್ತಿ, ಆ ಹೆಚ್ಚುವರಿಯನ್ನು ಸಂಚಿಕೆ ಮಾಡಿಸುವ ಮಠದವರಿಗೆ ಕೊಡುವ ಕೊಟೇಷನ್‌ನಲ್ಲೇ ಸೇರಿಸುತ್ತೇನೆ. ಪುಸ್ತಕ ಪ್ರೆಸ್ಸಿಗೆ ಹೋದ ದಿನವೇ ಪಿಡಿಎಫ್, ಫಾಂಟು, ಚಿತ್ರಗಳನ್ನೆಲ್ಲ ಒಂದೇ ಫೋಲ್ಡರಿಗೆ ಕಟ್ಟಿ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕುತ್ತೇನೆ. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಕಂತಿನ ತಾರೀಖಿಗೆ ಮೂರು ದಿನ ಮುಂಚಿನ ಚೌಕದೊಳಗೆ ಕೆಂಪು ಪೆನ್ನಿನಿಂದ 'ಬಂದ್ ಮಾಡು' ಅಂತ ಬರೆಯುತ್ತೇನೆ. ಹೋದ ಸಲ ಅದು ಅಮಾವಾಸ್ಯೆಯ ದಿನವೇ ಬಿದ್ದಿತ್ತು. ಇವತ್ತು ಯಾಕೆ ಅಂಗಡಿ ಬಂದ್ ಅಂತ ಅಪ್ಪ ಕೇಳಿದ.