ಕೋಲಿಯಸ್ಸೋ, ಕ್ಯಾಲಾಡಿಯಮ್ಮೋ?

ಮೈಸೂರಿನ ನಮ್ಮ ಮನೆಯ ಪೂರ್ವದ ಜಗಲಿಯಲ್ಲಿ ಬಣ್ಣಬಣ್ಣದ ಎಲೆಯ ಈ ಎರಡೂ ಗಿಡಗಳನ್ನು ಬೆಳೆಸಿದ್ದೇನೆ. ಹೊಸಬರು ಕೋಲಿಯಸ್‌ನಿಂದ ಶುರು ಮಾಡಿ. 4 ಇಂಚಿನ ತುಂಡು ಕತ್ತರಿಸಿ, ಕೆಳಗಿನ ಎಲೆ ಕಿತ್ತು, ನೀರಿನ ಲೋಟದಲ್ಲಿಡಿ. ಒಂದೆರಡು ವಾರದಲ್ಲಿ ಬೇರು ಬರುತ್ತದೆ. ಬೆಳಗಿನ ಬಿಸಿಲು ಸಾಕು. ಹೂವಿನ ತೆನೆ ಕಂಡ ಕೂಡಲೇ ಚಿವುಟಿ.

ನನಗೆ ಮಾತ್ರ ಕ್ಯಾಲಾಡಿಯಂ ಮೇಲೆಯೇ ಪ್ರೀತಿ ಜಾಸ್ತಿ. ಇದು ಕೆಸುವಿನ ಬಳಗದ್ದು. ಮಳೆಗಾಲಕ್ಕೆ ಮುಂಚೆ ಗಡ್ಡೆಯನ್ನು 2 ಇಂಚು ಆಳಕ್ಕೆ ನೆಡಿ. ಅರೆನೆರಳು ಬೇಕು, ನೀರು ನಿಲ್ಲಬಾರದು. ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿಹೋಗುತ್ತದೆ. ಮೊದಲ ವರ್ಷ ಗಿಡ ಸತ್ತಿತೆಂದು ನೊಂದು ಕುಂಡವನ್ನೇ ಬರಿದು ಮಾಡಿಬಿಟ್ಟಿದ್ದೆ. ಗಡ್ಡೆ ಸುಮ್ನೆ ಮಲಗಿರುತ್ತದೆ, ಅಷ್ಟೇ. ನೀರು ನಿಲ್ಲಿಸಿ, ಒಣ ಮಣ್ಣಿನಲ್ಲೇ ಬಿಡಿ. ಬೇಸಿಗೆಯಲ್ಲಿ ಮತ್ತೆ ಚಿಗುರುತ್ತದೆ. ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕುಂಡವನ್ನು ಎತ್ತರದಲ್ಲಿಡಿ.